ಹೊಕ್ಕುಳಿನಿಂದ ಮೊಣಕಾಲಿಗೆ ಜಿಗಿಯುವ ನಕ್ಷೆ

ಕೆಂಗೇರಿ ಉಪನಗರದ ಒಬ್ಬ ತಾಯಿ ಐದು ತುಂಬಿದ ಮಗಳನ್ನು ಡಿಪಿಟಿ ಬೂಸ್ಟರ್ ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಿದ್ದಾರೆ ಎಂದುಕೊಳ್ಳಿ. ನರ್ಸ್ ತೋಳು ಹಿಡಿದು ಸೂಜಿ ಚುಚ್ಚುತ್ತಾರೆ. ಮಗು ಕಿಟಾರನೆ ಕಿರುಚುತ್ತದೆ: "ಅಮ್ಮಾ, ಆಂಟಿ ಬ್ಯಾಡ್ ಟಚ್ ಮಾಡಿದ್ರು!" ಬೆಂಚಿನ ಮೇಲೆ ಕೂತವರೆಲ್ಲ ಗೊಳ್ಳೆಂದು ನಗುತ್ತಾರೆ. ತಾಯಿಗೂ ನಗು ಬರುತ್ತದೆ, ಜೊತೆಗೆ ಮುಜುಗರ.

ಮಗುವಿನ ತಪ್ಪೇನೂ ಇಲ್ಲ. ಯುಕೆಜಿಯಲ್ಲಿ ಮಿಸ್ ಹೇಳಿಕೊಟ್ಟದ್ದೇ ಹೀಗೆ: ಖುಷಿ ಕೊಡುವ ಮುಟ್ಟುವಿಕೆ ಗುಡ್ ಟಚ್, ನೋವು ಕೊಡುವುದು ಬ್ಯಾಡ್ ಟಚ್. ಸೂಜಿ ಚುಚ್ಚಿದರೆ ನೋವಾಗುತ್ತದೆ. ಮಗು ಲೆಕ್ಕ ಸರಿಯಾಗಿಯೇ ಮಾಡಿದೆ.

ಈಗ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಮನೆಗೆ ಬಂದುಹೋಗುವ ಪರಿಚಯದವನೊಬ್ಬ ಮಗುವಿಗೆ ಚಾಕೊಲೇಟ್ ಕೊಡುತ್ತಾನೆ, ಕಚಗುಳಿ ಇಡುತ್ತಾನೆ, ಆಟ ಆಡಿಸುತ್ತಲೇ ಮುಟ್ಟಬಾರದ ಕಡೆ ಮುಟ್ಟುತ್ತಾನೆ. ಮಗುವಿಗೆ ಎಲ್ಲೂ ನೋವಾಗಿಲ್ಲ, ಕಚಗುಳಿಗೆ ನಗುವೂ ಬಂದಿದೆ. ಶಾಲೆಯ ಪಾಠದ ಪ್ರಕಾರ ಇದು ಗುಡ್ ಟಚ್!

ನರ್ಸನ್ನು ಹಿಡಿದುಕೊಟ್ಟು ಆ ಮನುಷ್ಯನನ್ನು ಬಿಟ್ಟುಬಿಡುವ ಪಾಠವನ್ನು ನಾವೇಕೆ ಕಲಿಸುತ್ತಿದ್ದೇವೆ?

ಗುಮ್ಮ ಹೊರಗಿಲ್ಲ

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಊಟ ಮಾಡದ ಮಗುವಿಗೆ ಗುಮ್ಮನನ್ನು ತೋರಿಸಿ ಬೆಳೆಸಿದವರು ನಾವು. ಅಪಾಯವೆಂದರೆ ಕತ್ತಲಲ್ಲಿ ಚೀಲ ಹಿಡಿದು ನಿಂತ ಅಪರಿಚಿತ ಎಂಬ ಚಿತ್ರ ದೊಡ್ಡವರ ತಲೆಯಲ್ಲೂ ಉಳಿದುಬಿಟ್ಟಿದೆ.

ಅಂಕಿಗಳು ಬೇರೆಯೇ ಮಾತು ಹೇಳುತ್ತವೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಒಂದು ವರದಿ ಹೊರತಂದಿತು. ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದ ಮಕ್ಕಳು ಶೇ 53ರಷ್ಟು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವರು ಗಂಡುಮಕ್ಕಳು. ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪೊಲೀಸರ ತನಕ ಬಂದ ಪ್ರಕರಣಗಳಲ್ಲಂತೂ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಂತೆ, ಅತ್ಯಾಚಾರದ ಕಲಮುಗಳಡಿ ದಾಖಲಾದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ.

ಕನ್ನಡದ ಮಗುವಿಗೆ ಇಲ್ಲಿ ಇನ್ನೊಂದು ತೊಡಕಿದೆ. ಅದರ ಲೋಕದಲ್ಲಿ ಅಪರಿಚಿತರು ಎಂಬ ಜಾತಿಯೇ ಇಲ್ಲ. ಹಾಲು ಹಾಕುವವರು ಅಂಕಲ್, ಆಟೊದವರು ಅಂಕಲ್, ಎದುರುಮನೆಯವರು ಮಾಮ, ಪಾರ್ಕಿನಲ್ಲಿ ಕೂತವರು ತಾತ. ಎಲ್ಲರನ್ನೂ ನೆಂಟಸ್ತಿಕೆಯ ಹೆಸರಿನಲ್ಲೇ ಕರೆಯುವ ಭಾಷೆ ನಮ್ಮದು. ಕರೆಯುವುದನ್ನೂ ನಾವೇ ಕಲಿಸಿ, ಅಪರಿಚಿತರ ಹತ್ತಿರ ಹೋಗಬೇಡ ಎಂದರೆ ಮಗುವಿಗೆ ಏನು ಅರ್ಥವಾದೀತು?

ಹದಿನೈದು ಕಪ್ಪು, ಒಂದು ಕಪ್ಪು

ಹಾಗಾದರೆ ಮಗು ತಾನೇ ಒಳ್ಳೆಯದು, ಕೆಟ್ಟದ್ದು ಎಂದು ಯಾಕೆ ಅಳೆಯಲಾರದು? ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜ್ಯಾಂ ಪಿಯಾಜೆ 1932ರ ತಮ್ಮ ಪುಸ್ತಕದಲ್ಲಿ ಮಕ್ಕಳಿಗೆ ಕೇಳಿದ ಒಂದು ಪ್ರಶ್ನೆಯನ್ನು ದಾಖಲಿಸಿದ್ದಾರೆ. ಒಬ್ಬ ಹುಡುಗ ಊಟಕ್ಕೆ ಕರೆದರೆಂದು ಬಾಗಿಲು ತಳ್ಳಿದ. ಹಿಂದೆ ತಟ್ಟೆಯಲ್ಲಿ ಕಪ್ಪುಗಳಿದ್ದದ್ದು ಅವನಿಗೆ ಗೊತ್ತಿರಲಿಲ್ಲ, ಹದಿನೈದು ಒಡೆದವು. ಇನ್ನೊಬ್ಬ ಅಮ್ಮ ಇಲ್ಲದ ಹೊತ್ತು ನೋಡಿ ಜಾಮ್ ಕದಿಯಲು ಹೋದ, ಒಂದು ಕಪ್ಪು ಒಡೆಯಿತು. ಯಾರು ಹೆಚ್ಚು ಕೆಟ್ಟವರು? ಚಿಕ್ಕ ಮಕ್ಕಳಲ್ಲಿ ಅನೇಕರು ಬೆರಳು ತೋರಿಸಿದ್ದು ಹದಿನೈದು ಒಡೆದವನ ಕಡೆಗೆ.

ಚಿಕ್ಕ ಮಗು ತೂಗುವುದು ಕಣ್ಣಿಗೆ ಕಂಡದ್ದನ್ನು, ಮೈಗೆ ಅನಿಸಿದ್ದನ್ನು. ಅದರ ಹಿಂದಿನ ಉದ್ದೇಶ ಅದರ ತಕ್ಕಡಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಪಿಯಾಜೆಯ ಲೆಕ್ಕವನ್ನು ನಂತರದವರು ಅಲ್ಲಲ್ಲಿ ತಿದ್ದಿದ್ದಾರೆ. ಕಥೆ ಸರಳವಾಗಿದ್ದರೆ ಪುಟ್ಟ ಮಕ್ಕಳೂ ಉದ್ದೇಶವನ್ನು ಗುರುತಿಸುತ್ತವೆ. ಆದರೆ ಮುದ್ದಿನ ವೇಷ ಹಾಕಿಕೊಂಡು ಬಂದ ದುರುದ್ದೇಶವನ್ನು ಹಿಡಿಯುವುದು ದೊಡ್ಡವರಿಗೂ ಕಷ್ಟ.

ಮುಟ್ಟುವಿಕೆಯನ್ನು ಅನಿಸಿಕೆಯ ಮೇಲೆ ವಿಂಗಡಿಸುವ ಪಾಠದ ಬೇರು ಅಮೆರಿಕದಲ್ಲಿದೆ. ಮಿನಿಯಾಪೊಲಿಸ್ ನಗರದ ಕಾರ್ಡೀಲಿಯಾ ಆಂಡರ್ಸನ್ 1977ರ ಸುಮಾರಿಗೆ ಇದನ್ನು ರೂಪಿಸಿದರು. ಅವರ ಮಾದರಿಯಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಗೊಂದಲ ಹುಟ್ಟಿಸುವ ಮುಟ್ಟುವಿಕೆಗೂ ಜಾಗವಿತ್ತು. ಊರಿಂದೂರಿಗೆ ಹರಡುತ್ತ ಆ ನಡುವಿನ ಭಾಗ ಉದುರಿಹೋಗಿ ಎರಡೇ ಡಬ್ಬಿಗಳು ಉಳಿದವು, ಗುಡ್ ಮತ್ತು ಬ್ಯಾಡ್.

ಈ ಅನಿಸಿಕೆ ಪಾಠಕ್ಕೆ ಒಂದು ಪರೀಕ್ಷೆಯೂ ನಡೆಯಿತು. 1989ರಲ್ಲಿ ಸ್ಯಾಂಡಿ ವರ್ಟೆಲ್ ಮತ್ತು ಸಂಗಡಿಗರು ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಕೆಲವು ಮಕ್ಕಳಿಗೆ ನಿನಗೆ ಹೇಗನಿಸುತ್ತದೆ ನೋಡು ಎಂದು ಕಲಿಸಿದರು. ಇನ್ನು ಕೆಲವರಿಗೆ ಅನಿಸಿಕೆಯ ಗೊಡವೆ ಬಿಟ್ಟು ನೇರ ನಿಯಮ ಕಲಿಸಿದರು. ಸನ್ನಿವೇಶಗಳನ್ನು ಸರಿಯಾಗಿ ಗುರುತಿಸಿದ್ದು ಎರಡನೆಯ ಗುಂಪು.

ಹಳದಿ ಗೆರೆ

ಕೆಂಗೇರಿಯ ಮಕ್ಕಳಿಗೆ ಈ ವಿಜ್ಞಾನವನ್ನು ಬೇರೆಲ್ಲೂ ಹೋಗಿ ತೋರಿಸಬೇಕಿಲ್ಲ. 2021ರ ಆಗಸ್ಟ್ ಕೊನೆಯಲ್ಲಿ ಮೈಸೂರು ರಸ್ತೆಯಿಂದ ಇಲ್ಲಿಗೆ ನೇರಳೆ ಮಾರ್ಗದ ಮೆಟ್ರೊ ಬಂತು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಒಂದು ಹಳದಿ ಗೆರೆ ಇದೆ. ಅಪ್ಪನ ಕೈ ಹಿಡಿದು ನಿಂತ ನಾಲ್ಕು ವರ್ಷದ ಮಗುವಿಗೂ ಗೊತ್ತು, ರೈಲು ನಿಂತು ಬಾಗಿಲು ತೆರೆಯುವ ತನಕ ಗೆರೆ ದಾಟಬಾರದು.

ಹಳಿಯ ಪಕ್ಕದ ಮೂರನೆಯ ಕಂಬಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತಿದೆ ಎಂದು ಆ ಮಗುವಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನಿನಗೆ ಭಯ ಅನಿಸಿದರೆ ಹಿಂದೆ ಸರಿ ಎಂದು ಯಾವ ಅಪ್ಪನೂ ಹೇಳುವುದಿಲ್ಲ. ಗೆರೆ ಕಣ್ಣಿಗೆ ಕಾಣುತ್ತದೆ, ದಾಟಿದರೋ ಇಲ್ಲವೋ ಎಂದು ಯಾರಾದರೂ ಹೇಳಬಹುದು. ದಾಟಿದವನು ಒಳ್ಳೆಯವನೋ ಕೆಟ್ಟವನೋ ಎಂಬ ಪಂಚಾಯಿತಿಗೆ ಅಲ್ಲಿ ಜಾಗವಿಲ್ಲ.

ಮೈಗೂ ಇಂಥದೊಂದು ಗೆರೆ ಬೇಕು. ಮೈಗೆರೆ ಎನ್ನೋಣ. ಚಡ್ಡಿ, ಬನಿಯನ್ ಮುಚ್ಚುವ ಜಾಗ ನಿನ್ನ ಸ್ವಂತದ್ದು. ಅದನ್ನು ಯಾರೂ ನೋಡುವಂತಿಲ್ಲ, ಮುಟ್ಟುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ತಮ್ಮದನ್ನು ನೋಡು, ಮುಟ್ಟು ಎಂದು ನಿನಗೆ ಹೇಳುವಂತೆಯೂ ಇಲ್ಲ. ತೊಳೆಯಲು ಅಥವಾ ಹುಷಾರಿಲ್ಲದಾಗ ನೋಡಲು ಮಾತ್ರ ವಿನಾಯಿತಿ. ಡಾಕ್ಟರು ನೋಡುವಾಗಲೂ ಅಮ್ಮನೋ ಅಪ್ಪನೋ ಪಕ್ಕದಲ್ಲಿರಬೇಕು. ಯಾರಾದರೂ ಗೆರೆ ದಾಟಿದರೆ, ಅವರು ಎಷ್ಟೇ ಬೇಕಾದವರಾಗಿರಲಿ, ಬಂದು ಹೇಳು.

ಇಷ್ಟೇ ಪಾಠ. ಈ ಅಳತೆಗೋಲಿನಲ್ಲಿ ತೋಳಿಗೆ ಸೂಜಿ ಚುಚ್ಚಿದ ನರ್ಸ್ ಗೆರೆಯ ಈಚೆ ನಿಲ್ಲುತ್ತಾರೆ. ಕಚಗುಳಿಯ ಮನುಷ್ಯ ಆಚೆ ಹೋಗುತ್ತಾನೆ. ಬೆಂಗಳೂರಿನಲ್ಲಿ ಈ ದಾರಿಯಲ್ಲಿ ಬಹಳ ಕಾಲದಿಂದ ನಡೆಯುತ್ತಿರುವವರಿದ್ದಾರೆ. ಸ್ತ್ರೀರೋಗ ತಜ್ಞೆಯರಾದ ಡಾ. ಶೈಬ್ಯಾ ಸಲ್ಡಾನಾ ಮತ್ತು ಡಾ. ಸಂಗೀತಾ ಸಕ್ಸೇನಾ 2001ರಲ್ಲಿ ಕಟ್ಟಿದ ಎನ್‌ಫೋಲ್ಡ್ ಸಂಸ್ಥೆ ಮಕ್ಕಳಿಗೆ, ಪೋಷಕರಿಗೆ, ಶಿಕ್ಷಕರಿಗೆ ಮೈಯ ಸುರಕ್ಷತೆಯನ್ನು ನಿಯಮಗಳ ರೂಪದಲ್ಲೇ ಹೇಳಿಕೊಡುತ್ತ ಬಂದಿದೆ.

ನಕ್ಷೆಯಲ್ಲಿಲ್ಲದ ನಿಲ್ದಾಣಗಳು

ಗೆರೆ ಎಲ್ಲಿದೆ ಎಂದು ತೋರಿಸಬೇಕಾದರೆ ಆ ಜಾಗಕ್ಕೆ ಹೆಸರು ಬೇಕು. ನಮ್ಮ ಮನೆಗಳು ಎಡವುವುದು ಇಲ್ಲೇ.

ಭಾನುವಾರದ ಎಣ್ಣೆಸ್ನಾನ. ಅಜ್ಜಿ ಮೊಮ್ಮಗನನ್ನು ಮಣೆಯ ಮೇಲೆ ಕೂರಿಸಿಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟುತ್ತ ಪಾಠ ಶುರುಮಾಡುತ್ತಾರೆ. "ಮೂಗೆಲ್ಲಿ? ಕಿವಿಯೆಲ್ಲಿ? ಕತ್ತು, ತೋಳು, ಹೊಟ್ಟೆ, ಇದು ಹೊಕ್ಕುಳು..." ಆಮೇಲೆ ಕೈ ಸರಾಗವಾಗಿ ಕೆಳಗಿಳಿಯುತ್ತದೆ, ಬಾಯಿ ಮಾತ್ರ ಅರೆಗಳಿಗೆ ನಿಂತು ಮುಂದುವರಿಯುತ್ತದೆ: "ಇದು ಮೊಣಕಾಲು!" ನಡುವೆ ಏನಾದರೂ ಮಾತು ಬಂದರೆ ಅದು "ಶೇಮ್ ಶೇಮ್, ಪಪ್ಪಿ ಶೇಮ್".

ಕೆಂಗೇರಿಯಲ್ಲಿ ಹತ್ತಿದರೆ ನೇರ ಮೈಸೂರು ರಸ್ತೆ ಎಂದು ಬರೆದ ಮೆಟ್ರೊ ನಕ್ಷೆಯೊಂದನ್ನು ಊಹಿಸಿಕೊಳ್ಳಿ. ಕೆಂಗೇರಿ ಬಸ್ ಟರ್ಮಿನಲ್ ಇಲ್ಲ, ಪಟ್ಟಣಗೆರೆ, ಜ್ಞಾನಭಾರತಿ, ರಾಜರಾಜೇಶ್ವರಿ ನಗರ, ನಾಯಂಡಹಳ್ಳಿ ಯಾವುದೂ ಇಲ್ಲ. ಪಟ್ಟಣಗೆರೆಯಲ್ಲಿ ತಪ್ಪಿಸಿಕೊಂಡ ಮಗು ಫೋನಿನಲ್ಲಿ ತಾನೆಲ್ಲಿದ್ದೇನೆ ಎಂದು ಹೇಗೆ ಹೇಳೀತು? ಅದರ ಪಾಲಿಗೆ ಆ ಊರೇ ಇಲ್ಲ.

ಕನ್ನಡದಲ್ಲಿ ಈ ಜಾಗಗಳಿಗೆ ಪದಗಳಿಗೇನೂ ಬರವಿಲ್ಲ. ಒಂದು ಕಡೆ ಮನೆಯ ಮುದ್ದು ಮಾತುಗಳಿವೆ, ಮನೆಗೊಂದು ಬಗೆ. ಒಂದು ಮನೆಯ ಪದ ಪಕ್ಕದ ಮನೆಗೆ ತಿಳಿಯದು. ಇನ್ನೊಂದು ಕಡೆ ಬೈಗುಳದ ಪದಗಳಿವೆ. ಎಲ್ಲರಿಗೂ ಗೊತ್ತು, ಯಾರೂ ಮನೆಯಲ್ಲಿ ಆಡುವಂತಿಲ್ಲ. ಮೂರನೆಯದು ಪಠ್ಯಪುಸ್ತಕದ ಸಂಸ್ಕೃತ: ಶಿಶ್ನ, ವೃಷಣ, ಯೋನಿ. ಇವುಗಳ ನಡುವೆ, ಸಂಕೋಚವಿಲ್ಲದೆ ನಿತ್ಯ ಬಳಸಬಹುದಾದ ಜಾಗ ಖಾಲಿ ಬಿದ್ದಿದೆ.

ಮಗು ಶಾಲೆಯ ಮಿಸ್ಸಿಗೆ "ಅಂಕಲ್ ನನ್ನ ಬಿಸ್ಕತ್ ತಗೊಂಡ್ರು" ಎಂದಿತೆನ್ನಿ. ಮನೆಯಲ್ಲಿ ಆ ಜಾಗಕ್ಕೆ ಇಟ್ಟ ಮುದ್ದು ಹೆಸರು ಬಿಸ್ಕತ್ ಎಂದು ಮಿಸ್ಸಿಗೆ ಏನು ಗೊತ್ತು? "ನಾಳೆ ಅಮ್ಮನ ಹತ್ರ ಇನ್ನೊಂದು ಕೇಳು ಪುಟ್ಟ" ಎಂದು ಬೆನ್ನು ತಟ್ಟಿ ಕಳಿಸುತ್ತಾರೆ. ಮಗು ಹೇಳಿದೆ, ದೊಡ್ಡವರಿಗೆ ಕೇಳಿಸಿಲ್ಲ. ಅದು ಇನ್ನೊಮ್ಮೆ ಬಾಯಿಬಿಡದೆಯೂ ಇರಬಹುದು.

ಪುಸ್ತಕದ ಪದವಾದರೂ ಸರಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಪೊಲೀಸರ ಮುಂದೆ ಅದು ಒಂದೇ ಅರ್ಥ ಕೊಡುತ್ತದೆ. ಶಿಶ್ನ ಎಂಬುದು ಮೊಣಕೈ ಎಂಬಷ್ಟೇ ಸಪ್ಪೆ ಪದವೆಂದು ಮೂರು ವರ್ಷದ ಮಗುವಿಗೆ ಅನಿಸುತ್ತದೆ. ನಾಚಿಕೆ ನಾವು ಸೇರಿಸಿದ ಒಗ್ಗರಣೆ. "ಶೇಮ್ ಶೇಮ್" ಎಂದು ಕಲಿತ ಮಗು ಆ ಜಾಗಕ್ಕೆ ಏನಾದರೂ ಆದರೆ ಅದೂ ತನ್ನದೇ ಶೇಮ್ ಎಂದುಕೊಳ್ಳುತ್ತದೆ.

ಗುಟ್ಟಿಗೊಂದು ತಾರೀಖು

ಹೆಸರು ಗೊತ್ತಿದೆ, ಗೆರೆಯೂ ಗೊತ್ತಿದೆ. ಆದರೂ ಮಗು ಬಾಯಿಬಿಡುವುದಿಲ್ಲ. ಯಾಕೆ?

ಮಗುವನ್ನು ಬಳಸಿಕೊಳ್ಳುವವರು ಮೊದಲ ದಿನವೇ ಗೆರೆ ದಾಟುವುದು ಕಡಿಮೆ. ಮೊದಲು ಪಳಗಿಸುತ್ತಾರೆ. ಉಡುಗೊರೆ, ಹೊಗಳಿಕೆ, ಮನೆಯವರ ನಂಬಿಕೆ, ಒಂಟಿಯಾಗಿ ಸಿಗುವ ಹೊತ್ತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಎಲ್ಲದರ ಜೊತೆಗೂ ಒಂದು ಮಾತು: "ಇದು ನಮ್ಮಿಬ್ಬರ ಗುಟ್ಟು, ಅಮ್ಮಂಗೆ ಹೇಳಿದ್ರೆ ನಿನಗೇ ಬಯ್ತಾರೆ." ಅಮೆರಿಕದ ಮನೋವೈದ್ಯ ರೋಲಂಡ್ ಸಮ್ಮಿಟ್ 1983ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಈ ಸರಪಳಿಯನ್ನು ವಿವರಿಸಿದರು. ಗುಟ್ಟಿನಿಂದ ಅಸಹಾಯಕತೆ, ಅದರಿಂದ ಸಿಕ್ಕಿಬಿದ್ದ ಭಾವ, ತುಂಬ ತಡವಾಗಿ ಹೊರಬರುವ ಮಾತು, ಕೊನೆಗೆ ಆಡಿದ ಮಾತನ್ನೂ ಹಿಂತೆಗೆದುಕೊಳ್ಳುವುದು. "ಆಗಲೇ ಯಾಕೆ ಹೇಳಲಿಲ್ಲ?" ಎಂದು ದೊಡ್ಡವರು ಗದರುವ ಪ್ರಶ್ನೆಗೆ ಉತ್ತರ ಅಲ್ಲಿದೆ.

ಬೀಗ ಇರುವುದು ಗುಟ್ಟು ಎಂಬ ಪದದಲ್ಲಿ. ಇದನ್ನು ಬಿಚ್ಚಲು ಪುಟ್ಟ ಮಕ್ಕಳಿಗೂ ತಿಳಿಯುವ ಒಂದು ವ್ಯತ್ಯಾಸ ಸಾಕು. ಅಪ್ಪನ ಹುಟ್ಟುಹಬ್ಬಕ್ಕೆ ಕೇಕ್ ತಂದು ಫ್ರಿಜ್ಜಿನಲ್ಲಿ ಬಚ್ಚಿಟ್ಟದ್ದು ಸರ್‌ಪ್ರೈಸ್. ಅದಕ್ಕೆ ತೆರೆಯುವ ತಾರೀಖು ಇದೆ, ತೆರೆದಾಗ ಎಲ್ಲರೂ ನಗುತ್ತಾರೆ. ಯಾವತ್ತೂ ಯಾರಿಗೂ ಹೇಳಬೇಡ ಎನ್ನುವುದಕ್ಕೆ ತಾರೀಖಿಲ್ಲ. ತಾರೀಖಿಲ್ಲದ ಗುಟ್ಟನ್ನು ಯಾರೇ ಕೊಟ್ಟರೂ ಅದು ಮನೆಗೆ ತಂದು ಹೇಳಬೇಕಾದ ಸುದ್ದಿ.

ಪಳಗಿಸುವವರ ಅರ್ಧ ಕೆಲಸವನ್ನು ಗೊತ್ತಿಲ್ಲದೆ ಮನೆಯವರೇ ಮಾಡಿಕೊಡುವುದೂ ಉಂಟು. ಹಬ್ಬಕ್ಕೆ ಬಂದ ನೆಂಟರ ಮುಂದೆ "ಮಾಮಂಗೆ ಒಂದು ಮುತ್ತು ಕೊಡು, ಇಲ್ದಿದ್ರೆ ಬೇಜಾರ್ ಮಾಡ್ಕೋತಾರೆ" ಎಂದು ಮಗುವನ್ನು ಮುಂದೆ ತಳ್ಳುತ್ತೇವೆ. ನಿನ್ನ ಮೈ ಮೇಲೆ ದೊಡ್ಡವರ ಬೇಜಾರಿಗೆ ಹಕ್ಕಿದೆ ಎಂಬುದೇ ಮಗು ಅಲ್ಲಿ ಕಲಿಯುವ ಪಾಠ. ಮುಟ್ಟದೆಯೇ ಗೌರವ ತೋರಿಸುವ ನಮಸ್ಕಾರ ನಮ್ಮಲ್ಲೇ ಇದೆ. ಮುತ್ತೋ, ನಮಸ್ಕಾರವೋ, ದೂರದಿಂದ ಟಾಟಾವೋ, ಆಯ್ಕೆ ಮಗುವಿಗೇ ಇರಲಿ.

ಬಾಯಿಬಿಡಿಸುವುದು, ಬಾಯಿಗೆ ತುರುಕುವುದು

ಮಗು ಬಂದು ಹೇಳಿತು ಎನ್ನಿ. ಈಗ ಪರೀಕ್ಷೆ ದೊಡ್ಡವರದು.

ಗಾಬರಿಯಾದ ಅಮ್ಮ ಸಾಮಾನ್ಯವಾಗಿ ಪ್ರಶ್ನೆಗಳ ಮಳೆ ಸುರಿಸುತ್ತಾಳೆ. "ಯಾರು, ಆ ವ್ಯಾನ್ ಡ್ರೈವರಾ? ಇಲ್ಲಿ ಮುಟ್ಟಿದನಾ? ಹೊಡೆದನಾ?" ಇಂಥ ಪ್ರಶ್ನೆಗಳು ಉತ್ತರವನ್ನು ಮಗುವಿನ ಬಾಯಿಗೆ ತುರುಕುತ್ತವೆ. ಇದರ ಅಪಾಯವನ್ನು ತೋರಿಸಿದ ಪ್ರಯೋಗವೊಂದನ್ನು ಮಿಶೆಲ್ ಲೈಕ್ಟ್‌ಮನ್ ಮತ್ತು ಸ್ಟೀಫನ್ ಸೆಸಿ 1995ರಲ್ಲಿ ಪ್ರಕಟಿಸಿದರು. ಸ್ಯಾಮ್ ಸ್ಟೋನ್ ಎಂಬಾತ ಶಿಶುವಿಹಾರಕ್ಕೆ ಬಂದು ಎರಡು ನಿಮಿಷ ಸುಮ್ಮನೆ ಓಡಾಡಿ ಹೋದ. ಏನನ್ನೂ ಮುಟ್ಟಲಿಲ್ಲ. ಅವನೊಬ್ಬ ಎಡವಟ್ಟು ಮನುಷ್ಯ ಎಂದು ಕೆಲವು ಮಕ್ಕಳಿಗೆ ಮೊದಲೇ ಕಥೆ ಹೇಳಿದ್ದರು. ಆಮೇಲೂ ಅವನು ಪುಸ್ತಕ ಹರಿದಾಗ ಕೋಪದಲ್ಲಿದ್ದನಾ ಎಂಬಂಥ ಪ್ರಶ್ನೆಗಳನ್ನು ವಾರಗಟ್ಟಲೆ ಕೇಳಿದರು. ಕೊನೆಗೆ ಆ ಗುಂಪಿನ ಮೂರು, ನಾಲ್ಕು ವರ್ಷದ ಮಕ್ಕಳಲ್ಲಿ ಬಹುಪಾಲು ಮಂದಿ ಅವನು ಹಾಳು ಮಾಡಿದ್ದು ನಿಜ ಎಂದರು. ಕಥೆಯನ್ನೂ ಹೇಳದೆ, ಪ್ರಶ್ನೆಯನ್ನೂ ತುರುಕದೆ ಏನಾಯಿತು ಹೇಳು ಎಂದಷ್ಟೇ ಕೇಳಿದ ಗುಂಪಿನಲ್ಲಿ ಯಾರೂ ಸುಳ್ಳು ಆರೋಪ ಹೊರಿಸಲಿಲ್ಲ.

ಇದನ್ನು ಓದಿ ಮಕ್ಕಳ ಮಾತು ನಂಬುವಂತಿಲ್ಲ ಎಂದುಕೊಂಡರೆ ಪ್ರಯೋಗವನ್ನು ತಲೆಕೆಳಗಾಗಿ ಓದಿದಂತೆ. ಕೆಟ್ಟದ್ದು ಪ್ರಶ್ನೆ. ಹದವಾಗಿ ಕೇಳಿದರೆ ಮೂರು ವರ್ಷದ ಮಗುವೂ ನೆಚ್ಚಬಹುದಾದ ಸಾಕ್ಷಿ. ಮನೋವಿಜ್ಞಾನಿ ಮೈಕಲ್ ಲ್ಯಾಂಬ್ ಮತ್ತು ಸಂಗಡಿಗರು ಬೆಳೆಸಿದ, ಹಲವು ದೇಶಗಳ ತನಿಖಾಧಿಕಾರಿಗಳು ಬಳಸುವ ಸಂದರ್ಶನ ಕ್ರಮ ನಿಂತಿರುವುದೇ ಇದರ ಮೇಲೆ. ಮನೆಯಲ್ಲಿ ಅದು ಹೀಗಿರುತ್ತದೆ:

"ಅಮ್ಮ, ನಂಗೆ ಟ್ಯೂಷನ್‌ಗೆ ಹೋಗೋಕೆ ಇಷ್ಟ ಇಲ್ಲ."

"ಹೌದಾ ಕಂದ? ಏನಾಯ್ತು ಹೇಳು."

"ಸರ್ ಗೆರೆ ದಾಟಿದ್ರು."

"ಹ್ಞೂಂ. ಆಮೇಲೆ?"

ಅಷ್ಟೇ. "ಆಮೇಲೆ?" ಎನ್ನುವುದು ಕನ್ನಡದ ಬಾಯಿಬಿಡಿಸುವ ಪ್ರಶ್ನೆಗಳಲ್ಲೆಲ್ಲ ಮೇಲಾದದ್ದು. ಕಥೆ ಕೇಳುವಾಗ ಮಕ್ಕಳೇ ನಮಗೆ ಹಾಕುವ ಪ್ರಶ್ನೆ ಅದು. ಮಾತು ಮುಗಿದ ಮೇಲೆ ಹೇಳಬೇಕಾದ್ದು ಮೂರು: ಹೇಳಿದ್ದು ಒಳ್ಳೆಯದಾಯಿತು, ನಾನು ನಂಬುತ್ತೇನೆ, ನಿನ್ನ ತಪ್ಪಿಲ್ಲ. ಇನ್ನು ಮುಂದೆ ಮತ್ತೆ ಮತ್ತೆ ಕೆದಕಿ ಕೇಳುವುದು ಬೇಡ. ಮಗು ಬಳಸಿದ ಪದಗಳನ್ನೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.

ಕಾನೂನು ಕಿವಿಗೊಡುವ ರೀತಿ

2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ ಜಾರಿಗೆ ಬಂದ ಪೋಕ್ಸೊ ಕಾಯ್ದೆಯನ್ನು ಶಿಕ್ಷೆಯ ಕಾಯ್ದೆ ಎಂದೇ ಹೆಚ್ಚಿನವರು ಬಲ್ಲರು. ಅದರ ಒಂದು ದೊಡ್ಡ ಭಾಗ ಮಗುವಿನ ಮಾತನ್ನು ಹೇಗೆ ಕೇಳಬೇಕು ಎಂಬುದರ ಬಗ್ಗೆಯೇ ಇದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಕಡೆ ಬರೆದುಕೊಳ್ಳಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿ ಬರುವಂತಿಲ್ಲ. ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಕೋರ್ಟಿನಲ್ಲಿ ವಕೀಲರು ನೇರವಾಗಿ ಪ್ರಶ್ನೆ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಗುರುತು ಬಯಲಾಗಬಾರದು. ಗಂಡುಮಗು, ಹೆಣ್ಣುಮಗು ಎಂಬ ಭೇದ ಕಾಯ್ದೆಯಲ್ಲಿಲ್ಲ.

ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ಅಪರಾಧ. ಮನೆತನದ ಮರ್ಯಾದೆ, ಶಾಲೆಯ ಹೆಸರು ಎಂದು ಮುಚ್ಚಿಹಾಕುವ ಅವಕಾಶ ಕಾನೂನಿನಲ್ಲಿಲ್ಲ. 2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ನಡೆದ ದೌರ್ಜನ್ಯ ಬಯಲಾದಾಗ ಸಾವಿರಾರು ಪೋಷಕರು ಬೀದಿಗಿಳಿದರು. ಸಿಸಿಟಿವಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆಯ ಸೂಚನೆಗಳು ಬಂದವು. 2016ರಲ್ಲಿ ರಾಜ್ಯ ಸರ್ಕಾರ ಮಕ್ಕಳ ರಕ್ಷಣಾ ನೀತಿಯನ್ನೂ ತಂದಿತು. ಕ್ಯಾಮೆರಾ ಬೇಕು, ನಿಜ. ಆದರೆ ಅದು ಮನೆಯ ಒಳಕೋಣೆಯನ್ನು ನೋಡಲಾರದು.

ಹೆದರಿಸಿದಂತಾಗುವುದಿಲ್ಲವೇ?

ಪೋಷಕರ ಕೊನೆಯ ಅಳುಕು ಇದು. ಇಷ್ಟು ಚಿಕ್ಕದಕ್ಕೆ ಇದನ್ನೆಲ್ಲ ಹೇಳಿ ಮಗು ಬೆದರಿಹೋದರೆ?

ಇದಕ್ಕೂ ಉತ್ತರ ಹುಡುಕಿದ್ದಾರೆ. ಶಾಲೆಗಳಲ್ಲಿ ಇಂಥ ಪಾಠ ಕೇಳಿದ ಮತ್ತು ಕೇಳದ ಮಕ್ಕಳನ್ನು ಹೋಲಿಸಿದ 24 ಅಧ್ಯಯನಗಳನ್ನು, ಒಟ್ಟು 5,802 ಮಕ್ಕಳ ಮಾಹಿತಿಯನ್ನು ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ ಒಟ್ಟಿಗೆ ಇಟ್ಟು ನೋಡಿತು. ಪಾಠ ಕೇಳಿದ ಮಕ್ಕಳ ತಿಳಿವಳಿಕೆ ಹೆಚ್ಚಿತ್ತು. ಅವರಲ್ಲಿ ಭಯ, ಆತಂಕ ಹೆಚ್ಚಿದ ಲಕ್ಷಣ ಕಾಣಲಿಲ್ಲ. ತಮಗಾದ ಕಿರುಕುಳವನ್ನು ಬಾಯಿಬಿಟ್ಟು ಹೇಳಿದವರು ಪಾಠ ಕೇಳದವರಲ್ಲಿ ಸಾವಿರಕ್ಕೆ ಸುಮಾರು 4, ಕೇಳಿದವರಲ್ಲಿ ಸುಮಾರು 14. ಪಾಠದಿಂದ ದೌರ್ಜನ್ಯವೇ ಕಡಿಮೆಯಾಯಿತೆಂದು ಆ ಪರಾಮರ್ಶೆ ಹೇಳುವುದಿಲ್ಲ. ಕಾಯುವ ಹೊಣೆ ಈಗಲೂ ದೊಡ್ಡವರದ್ದೇ. ಸುದ್ದಿ ದೊಡ್ಡವರ ಕಿವಿಗೆ ತಲುಪುವ ದಾರಿಯನ್ನು ಪಾಠ ತೆರೆಯುತ್ತದೆ.

ಹೆಸರು, ಗೆರೆ, ಕೇಳುವ ಕಿವಿ, ಈ ಮೂರೂ ಸೇರಿ ಆಗುವುದು ಆ ದಾರಿ. ಹೆಸರಿಲ್ಲದಿದ್ದರೆ ಮಗು ಹೇಳಿದ್ದು ತಿಳಿಯದು, ಗೆರೆಯಿಲ್ಲದಿದ್ದರೆ ಹೇಳಬೇಕೆಂದೇ ಮಗುವಿಗೆ ತೋಚದು, ಕಿವಿಯಿಲ್ಲದಿದ್ದರೆ ಹೇಳಿದ್ದು ಅಲ್ಲೇ ನಿಂತುಹೋಗುತ್ತದೆ.

ಮನೆಯ ಕಿವಿಗಳು ಸಾಲದೆ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. 1996ರಲ್ಲಿ ಮುಂಬೈನಲ್ಲಿ ಶುರುವಾಗಿ ದೇಶಕ್ಕೆ ಹಬ್ಬಿದ ಈ ಸಂಖ್ಯೆಗೆ ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ. ಮಗುವೂ ಕರೆಯಬಹುದು, ಪಕ್ಕದ ಮನೆಯವರೂ ಕರೆಯಬಹುದು. ಫ್ರಿಜ್ಜಿನ ಬಾಗಿಲ ಮೇಲೆ, ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿಡಿ. ಇನ್ನು ಬರುವ ಭಾನುವಾರ ಎಣ್ಣೆ ತಟ್ಟುವಾಗ ಹೊಕ್ಕುಳು ಬಂದಾಗ ಬಾಯಿ ಕಟ್ಟಿಕೊಳ್ಳಬೇಡಿ, ಮೊಣಕಾಲಿನ ತನಕ ಒಂದೊಂದೇ ಹೆಸರು ಹೇಳಿಕೊಂಡು ಹೋಗಿ. ಎರಡು ನಿಮಿಷದ ಕೆಲಸ.